ಕಾಡು ಬರೆದವರು, ಕಾಡಲ್ಲಿ ಬಾಳಿದವರು: ಪುಣಜನೂರಿನಿಂದ ಅನಿಮೆ ವಿಮರ್ಶೆಯ ಕಡೆಗೆ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ, ತಮಿಳುನಾಡಿಗೆ ಕಾಲಿಡುವ ಮುನ್ನ ಸಿಗುವ ಚೆಕ್‌ಪೋಸ್ಟ್ ಪುಣಜನೂರಿನದು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಹುಲಿ ಮೀಸಲು ಪ್ರದೇಶ, ಇನ್ನೊಂದು ಕಡೆ ತಾಳವಾಡಿಯ ಕಾಡು. ಎರಡರ ನಡುವೆ ಆನೆಗಳು ಓಡಾಡುವ ದಾರಿ ಇದೇ ಊರಿನ ಬಳಿ ಹಾದುಹೋಗುತ್ತದೆ. ಗಡಿ ದಾಟಿ ಆಸನೂರಿನ ಕಡೆ ಹೊರಟರೆ ಕಬ್ಬಿನ ಲಾರಿಗಾಗಿ ಕಾದು ನಿಲ್ಲುವ ಆನೆಗಳಿವೆ. ಮೊದಮೊದಲು ಚಾಲಕರೇ ಒಂದೆರಡು ಜಲ್ಲೆ ಎಸೆದು ರುಚಿ ಹತ್ತಿಸಿದರು. ಈಗ ತಾಯಾನೆ ಮರಿಯನ್ನೂ ಕರೆದುಕೊಂಡು ಬಂದು ರಸ್ತೆಗೆ ಅಡ್ಡ ನಿಂತು, ಸೊಂಡಿಲು ಚಾಚಿ ಹೊರೆಯಿಂದಲೇ ಕಬ್ಬು ಎಳೆಯುತ್ತದೆ. ತಪ್ಪು ಆನೆಯದೋ, ಚಾಲಕನದೋ, ಕಾಡು ಸೀಳಿಕೊಂಡು ಹೋದ ರಸ್ತೆಯದೋ? ಇಂಥದೇ ಪ್ರಶ್ನೆಯನ್ನು ಜಪಾನಿನ ಒಂದು ಅನಿಮೇಷನ್ ಚಿತ್ರ 1997ರಲ್ಲಿ ಎತ್ತಿತು. ಅನಿಮೆ ಎನ್ನುವ ಜಪಾನಿ ಅನಿಮೇಷನ್ನಿನ ಬಗ್ಗೆ ಅಲ್ಲಿಯವರೂ ಪಶ್ಚಿಮದವರೂ ಆರು ದಶಕಗಳಿಂದ ಆಡುತ್ತ ಬಂದ ಮಾತುಗಳನ್ನು ಪುಣಜನೂರಿನಂಥ ಜಾಗದಲ್ಲಿ ನಿಂತು ಓದಿದರೆ, ಅವರು ಕೇಳದೆ ಬಿಟ್ಟ ಒಂದು ಪ್ರಶ್ನೆ ಎದ್ದು ಕಾಣುತ್ತದೆ.

ಕನ್ನಡದ ಮನೆಗಳಿಗೆ ಅನಿಮೆ ಬಂದದ್ದು ಆ ಹೆಸರಿನಿಂದಲ್ಲ. 1990ರ ದಶಕದ ಆರಂಭದಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ತೋರಿಸಿದ ‘ಜಂಗಲ್ ಬುಕ್’ ಟೋಕಿಯೊದ ನಿಪ್ಪಾನ್ ಅನಿಮೇಷನ್ ಸಂಸ್ಥೆ 1989ರಲ್ಲಿ ಆರಂಭಿಸಿದ 52 ಕಂತುಗಳ ಧಾರಾವಾಹಿ. ಗುಲ್ಜಾರರ ಹಾಡು, ಶೇರ್‌ಖಾನನಿಗೆ ನಾನಾ ಪಾಟೇಕರ್ ದನಿ. ಮೌಗ್ಲಿಯ ಕಾಡು ನಮ್ಮದೇ ಎಂದುಕೊಂಡು ನೋಡಿದೆವು, ಅದನ್ನು ಬರೆದ ಕೈ ಜಪಾನಿನದು ಎಂದು ಯಾರೂ ಹೇಳಲಿಲ್ಲ. ಆ ಧಾರಾವಾಹಿಯ ಪಾತ್ರಗಳ ಬಗ್ಗೆ ಚಾಮರಾಜನಗರದ ಸೀಮೆಯವರು ಎತ್ತಬಹುದಾಗಿದ್ದ ಆಕ್ಷೇಪಣೆಯೊಂದಿತ್ತು. ಇಲ್ಲಿ ಹುಲಿ ಮಾದಪ್ಪನ ವಾಹನ. ಮಲೆಮಹದೇಶ್ವರನ ಪಟದಲ್ಲಿ ಹುಲಿಯ ಮೇಲೆ ಕೂತ ದೇವರನ್ನು ಗೋಡೆಗೆ ಹಾಕಿಕೊಂಡ ಮನೆಯಲ್ಲಿ, ಟೀವಿಯೊಳಗಿನ ಹುಲಿ ಬರೀ ಖಳನಾಯಕ. ಕಿಪ್ಲಿಂಗನ ಕತೆಯಿಂದ ಬಂದ ಆ ನೋಟವನ್ನು ಜಪಾನಿನವರೂ ಬದಲಿಸಲಿಲ್ಲ.

ಅನಿಮೆಯ ಮೇಲೆ ಬಂದ ಮೊದಲ ದೂರು ಚಿತ್ರದ ಕುರಿತಾದದ್ದು. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ ‘ಆಸ್ಟ್ರೊ ಬಾಯ್’ ಟೀವಿಯಲ್ಲಿ ಶುರುವಾಯಿತು. ವಾರಕ್ಕೊಂದು ಕಂತು ಕೊಡಬೇಕು, ಕೈಯಲ್ಲಿ ದುಡ್ಡಿಲ್ಲ. ಸೆಕೆಂಡಿಗೆ 24 ಚೌಕಟ್ಟು ಓಡುವ ಕಡೆ ಒಂದೊಂದು ಚಿತ್ರವನ್ನು ಮೂರು ಚೌಕಟ್ಟಿನ ತನಕ ಹಿಡಿದು ಎಂಟೇ ಚಿತ್ರಗಳಲ್ಲಿ ಮುಗಿಸಿದರು. ಎಷ್ಟೋ ಸಲ ಮುಖ ಅಲುಗದೆ ಬಾಯಿ ಮಾತ್ರ ಆಡುತ್ತದೆ, ಒಮ್ಮೆ ಬರೆದ ಓಟವನ್ನೇ ಮತ್ತೆ ಮತ್ತೆ ಬಳಸುತ್ತಾರೆ. ಡಿಸ್ನಿಯ ನಯಕ್ಕೆ ಒಗ್ಗಿದ ಕಣ್ಣಿಗೆ ಇದು ದರಿದ್ರ ಕೆಲಸವಾಗಿ ಕಂಡಿತು. 1989ರಲ್ಲಿ ತೆಜುಕಾ ತೀರಿಕೊಂಡಾಗ ನಿರ್ದೇಶಕ ಹಯಾವೊ ಮಿಯಾಜಾಕಿ ಶ್ರದ್ಧಾಂಜಲಿಯ ಸಮಯವೆಂದೂ ನೋಡದೆ ಕಟುವಾಗಿ ಬರೆದರು: ಅಗ್ಗದ ದರಕ್ಕೆ ಒಪ್ಪಿಕೊಂಡ ಆ ಪದ್ಧತಿಯೇ ಮುಂದಿನವರಿಗೆಲ್ಲ ಶಾಪವಾಯಿತು ಎಂಬುದು ಅವರ ವಾದ. ಕಲಾವಿದರ ಕೂಲಿಯ ಮಟ್ಟಿಗೆ ಮಿಯಾಜಾಕಿ ಹೇಳಿದ್ದು ಸರಿ. ಆದರೆ ಅಲುಗಾಟ ಕಡಿಮೆಯಾದರೆ ಕಲೆಯೂ ಕಡಿಮೆ ಎನ್ನುವುದನ್ನು ಕರ್ನಾಟಕದವರು ಒಪ್ಪಬೇಕಿಲ್ಲ. ನಮ್ಮ ತೊಗಲುಗೊಂಬೆಯಾಟದಲ್ಲಿ ಒಂದೇ ಚರ್ಮದ ಮೇಲೆ ಮರ, ರಥ, ನಾಲ್ಕಾರು ಪಾತ್ರಗಳು ಒಟ್ಟಿಗೆ ಕೆತ್ತಿರುವ ಗೊಂಬೆಗಳಿವೆ. ಅವುಗಳ ಕೈಕಾಲು ಆಡುವುದಿಲ್ಲ. ದೀಪದ ಮುಂದೆ ಇಡೀ ದೃಶ್ಯವೇ ಸರಿಯುತ್ತದೆ, ಜೀವ ತುಂಬುವುದು ಭಾಗವತರ ಹಾಡು. ಎಂ.ಎಸ್. ನಂಜುಂಡರಾವ್ ಅವರು ಹಳ್ಳಿಹಳ್ಳಿ ತಿರುಗಿ ಕಲೆಹಾಕಿ ಚಿತ್ರಕಲಾ ಪರಿಷತ್ತಿಗೆ ತಂದ ಗೊಂಬೆಗಳನ್ನು ನೋಡಿದವರಿಗೆ, ನಿಂತ ಚಿತ್ರವೂ ಕತೆ ಹೇಳುತ್ತದೆ ಎಂದು ಬೇರೆ ಸಾಕ್ಷಿ ಬೇಕಾಗದು. ಪಶ್ಚಿಮದ ವಿಮರ್ಶೆ ಆ ತೀರ್ಮಾನಕ್ಕೆ ಬರಲು ಹೆಚ್ಚುಕಡಿಮೆ 2009ರ ತನಕ ಕಾಯಬೇಕಾಯಿತು. ಆ ವರ್ಷ ಥಾಮಸ್ ಲಮಾರ್ ‘ದಿ ಅನಿಮೆ ಮಷೀನ್’ ಬರೆದು, ಒಂದರ ಹಿಂದೊಂದು ಇಟ್ಟ ಪದರಗಳು ಅಡ್ಡಡ್ಡಲಾಗಿ ಸರಿಯುವುದೇ ಅನಿಮೆಯ ಸ್ವಂತ ವ್ಯಾಕರಣ, ಅದು ಕೊರತೆಯಲ್ಲ ಎಂದು ವಿವರವಾಗಿ ತೋರಿಸಿದರು.

1988 ದೊಡ್ಡ ವರ್ಷ. ಏಪ್ರಿಲ್ 16ರಂದು ಒಂದೇ ಟಿಕೆಟ್ಟಿಗೆ ಎರಡು ಚಿತ್ರ: ಮಿಯಾಜಾಕಿಯವರ ‘ಟೊಟೊರೊ’, ಇಸಾವೊ ತಕಾಹಾತಾ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’. ಜುಲೈನಲ್ಲಿ ಕತ್ಸುಹಿರೊ ಒತೊಮೊ ಅವರ ‘ಅಕಿರಾ’. ಅದಾದ ಮೇಲೆ ವಿಮರ್ಶಕರ ಮಾತು ಚಿತ್ರದಿಂದ ವಸ್ತುವಿನ ಕಡೆ ಹೊರಳಿತು. ಬಾಂಬು, ಪಾಳುಬಿದ್ದ ನಗರ, ಯಂತ್ರವಾಗುವ ಮೈ. 2001ರಲ್ಲಿ ಸುಸಾನ್ ನೇಪಿಯರ್ ತಮ್ಮ ಪುಸ್ತಕದ ಹೆಸರಿನಲ್ಲೇ ‘ಅಕಿರಾ’ವನ್ನು ಒಂದು ತುದಿಗೂ ‘ಪ್ರಿನ್ಸೆಸ್ ಮೊನೊನೊಕೆ’ಯನ್ನು ಇನ್ನೊಂದು ತುದಿಗೂ ಇಟ್ಟರು.

ಮೊದಲಿಗೆ ಹೇಳಿದ 1997ರ ಚಿತ್ರ ಇದೇ, ಮಿಯಾಜಾಕಿಯವರ ‘ಮೊನೊನೊಕೆ’. ಅದರ ಮುಂದೆ ಸ್ವಲ್ಪ ನಿಲ್ಲಬೇಕು. ಐವರು ಕಲಾ ನಿರ್ದೇಶಕರು ಕೂಡಿ ಮಾಡಿದ ಕೆಲಸವದು. ದಕ್ಷಿಣದ ಯಾಕುಶಿಮಾ ದ್ವೀಪದ ಪಾಚಿಗಟ್ಟಿದ ಕಾಡು ಅದರ ಒಂದು ಮಾದರಿ, ಉತ್ತರದ ಶಿರಾಕಾಮಿಯ ಬೀಚ್ ಮರಗಳ ಕಾಡು ಇನ್ನೊಂದು. ಹಸಿರಿನಲ್ಲಿ ಎಷ್ಟು ಬಗೆಯಿದೆ ಎಂದು ಆ ಚಿತ್ರ ನೋಡಿ ಎಣಿಸಬೇಕು. ಕಾಡಿನ ದೇವರು ನಡೆದುಬರುವ ದೃಶ್ಯದಲ್ಲಿ ಗೊರಸು ಊರಿದ ಕಡೆ ಹೂಗಿಡ ಚಿಗುರುತ್ತದೆ, ಗೊರಸು ಎತ್ತಿದೊಡನೆ ಒಣಗಿ ಬೀಳುತ್ತದೆ. ಹುಟ್ಟಿಸುವವನೂ ಸಾಯಿಸುವವನೂ ಒಬ್ಬನೇ ಎಂದು ಒಂದು ಮಾತೂ ಇಲ್ಲದೆ ಹೇಳಿಬಿಡುವ ಚಿತ್ರಿಕೆಯದು. ಮೈಯೊಳಗೆ ಕಬ್ಬಿಣದ ಗುಂಡು ಹೊಕ್ಕ ಹಂದಿದೇವರು ರೋಷದಿಂದ ಪಿಶಾಚಿಯಾಗುತ್ತಾನೆ. ಆ ಗುಂಡು ಬಂದದ್ದು ಕಾಡು ಕಡಿದು ಕಬ್ಬಿಣ ಕರಗಿಸುವ ಎಬೊಶಿಯ ಊರಿನಿಂದ. ಹಾಗೆಂದು ಅವಳು ರಾಕ್ಷಸಿಯಲ್ಲ. ಮಾರಾಟವಾದ ಹೆಂಗಸರನ್ನು ಬಿಡಿಸಿ ತಂದು ಕೆಲಸ ಕೊಟ್ಟವಳು, ಕುಷ್ಠರೋಗಿಗಳಿಗೆ ನೆರಳಾದವಳು. ಪ್ರಕೃತಿಯೊಂದಿಗೆ ಹೊಂದಿಕೊಂಡು ಬಾಳಿದ ಜಪಾನು ಎಂಬ ಸಿಹಿಯಾದ ಕಲ್ಪನೆಯನ್ನೂ, ಮೆತ್ತನೆಯ ಹೆಣ್ಣು ಎಂಬ ಮಾದರಿಯನ್ನೂ ಈ ಚಿತ್ರ ಒಡೆಯುತ್ತದೆ ಎಂದು ನೇಪಿಯರ್ ಓದಿದ್ದು ನನಗೆ ಪೂರ್ತಿ ಒಪ್ಪಿಗೆ.

ಆದರೂ ಪುಣಜನೂರಿನವರು ಕೇಳಬೇಕಾದ್ದು ಉಳಿಯುತ್ತದೆ. ಆ ಕಾಡಿನಲ್ಲಿ ಮನೆ ಮಾಡಿಕೊಂಡು ಬಾಳುವ ಜನ ಎಲ್ಲಿ? ದೇವರುಗಳಿದ್ದಾರೆ, ಪ್ರಾಣಿಗಳಿವೆ, ತೋಳ ಸಾಕಿದ ಹುಡುಗಿ ಸಾನ್ ಇದ್ದಾಳೆ. ಮನುಷ್ಯರೆಲ್ಲ ಕಾಡಿನ ಹೊರಗೆ, ಕೊಡಲಿ ಕೋವಿ ಹಿಡಿದುಕೊಂಡು. ಚಿತ್ರದ ನಾಯಕ, ಕಾಡಂಚಿನ ಎಮಿಶಿ ಜನರ ಹಳ್ಳಿಯ ಅಶಿತಾಕ ಮೊದಲ ದೃಶ್ಯಗಳಲ್ಲೇ ಊರು ಬಿಡುತ್ತಾನೆ, ಆ ಹಳ್ಳಿ ಮತ್ತೆ ತೆರೆಗೆ ಬರುವುದಿಲ್ಲ. ಬಿಳಿಗಿರಿ ಕಾಡಿನ ಕತೆ ಹೀಗಿಲ್ಲ. ಇಲ್ಲಿ ಕಾಡಿನೊಳಗೇ ಸೋಲಿಗ ಬುಡಕಟ್ಟಿನವರ ಊರುಗಳು, ಅಂದರೆ ಪೋಡುಗಳಿವೆ. ಬೆಟ್ಟದ ದೇವರು ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ದೇವರು ಅವರಿಗೆ ಭಾವ. ಬೇಸಿಗೆ ಬರುವ ಮೊದಲೇ ನೆಲದ ಒಣ ಎಲೆಗಷ್ಟೇ ಹಾಯಿಸುವ ತರಗು ಬೆಂಕಿ ಅವರ ಪದ್ಧತಿಯಾಗಿತ್ತು. 1974ರಲ್ಲಿ ವನ್ಯಧಾಮ ಘೋಷಣೆಯಾದ ನಂತರ ಬೆಂಕಿಯೂ ನಿಂತಿತು, ಬೇಟೆಯೂ ಬೇಸಾಯದ ಹಳೆಯ ಕ್ರಮವೂ ನಿಂತವು. ಲಂಟಾನ ಪೊದೆ ಕಾಡನ್ನೆಲ್ಲ ಮುಸುಕಿದ್ದು ತರಗು ಬೆಂಕಿ ನಿಂತ ಮೇಲೆ ಎಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ. 2011ರಲ್ಲಿ ಹುಲಿ ಮೀಸಲು ಎಂಬ ಹಣೆಪಟ್ಟಿಯೂ ಬಂತು, ಅದೇ ವರ್ಷ ಅರಣ್ಯಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯದ ಹಕ್ಕೂ ಸಿಕ್ಕಿತು. ಕಾಡು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ ಎಂದು ಗೆರೆ ಎಳೆದ ಕತೆಯಲ್ಲಿ ಈ ಜನರಿಗೆ ಪಾತ್ರವೇ ಇಲ್ಲ. ಎಷ್ಟೇ ದೊಡ್ಡ ಚಿತ್ರವಾದರೂ ‘ಮೊನೊನೊಕೆ’ಯ ಕೊರತೆ ಇದು. ಅದನ್ನು ಹೊಗಳಿದ ಹೆಚ್ಚಿನ ವಿಮರ್ಶೆ ಇದನ್ನು ಗಮನಿಸಲಿಲ್ಲ ಎಂಬುದು ನನ್ನ ದೂರು.

ಉತ್ತರ ಮಿಯಾಜಾಕಿಯವರ ಸ್ಟುಡಿಯೊದಲ್ಲೇ ಇನ್ನೊಬ್ಬರ ಬಳಿ ಮೊದಲೇ ಇತ್ತು. ತಕಾಹಾತಾ ಅವರ ‘ಓನ್ಲಿ ಯೆಸ್ಟರ್ಡೇ’ (1991) ಚಿತ್ರದ ತಾಯೆಕೊ ಟೋಕಿಯೊದ ಆಫೀಸಿನಲ್ಲಿ ದುಡಿಯುವ 27ರ ಹೆಣ್ಣು. ರಜೆ ಹಾಕಿ ಯಾಮಾಗಾತಾ ಸೀಮೆಗೆ ಕುಸುಬೆ ಹೂ ಬಿಡಿಸಲು ಬರುತ್ತಾಳೆ. ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಬೆಳೆಯುವ ಅದೇ ಮುಳ್ಳಿನ ಕುಸುಬೆ. ಅಲ್ಲಿ ಅದನ್ನು ಬೆಳೆಯುವುದು ಬಣ್ಣಕ್ಕೆ. ಆಹಾ ಎಂಥ ಪ್ರಕೃತಿ ಎಂದು ಅವಳು ಬೆರಗಾದಾಗ, ರೈತ ಹುಡುಗ ತೊಶಿಯೊ ಈ ಕಾಡು, ತೊರೆ, ಗದ್ದೆ ಎಲ್ಲವೂ ರೈತರು ತಲೆತಲಾಂತರದಿಂದ ಮಾಡಿಕೊಂಡದ್ದು ಎಂದು ಬಿಡಿಸಿ ಹೇಳುತ್ತಾನೆ. ಸಾಹಸವಿಲ್ಲ, ದೆವ್ವವಿಲ್ಲ ಎಂದು ಈ ಚಿತ್ರವನ್ನು ಎಷ್ಟೋ ಜನ ಬದಿಗಿಟ್ಟರು. ನನ್ನ ಲೆಕ್ಕದಲ್ಲಿ ಅನಿಮೆಯ ಕಾಡು ಅತ್ಯಂತ ಪ್ರಾಮಾಣಿಕವಾಗಿರುವುದು ಇಲ್ಲಿ. 1994ರ ‘ಪೊಂ ಪೊಕೊ’ದಲ್ಲಿ ಬಡಾವಣೆಗಾಗಿ ಗುಡ್ಡ ಕಳೆದುಕೊಳ್ಳುವ ತನುಕಿ ಪ್ರಾಣಿಗಳ ಕತೆ ಹೇಳಿದವರೂ ಇವರೇ.

ಪಾತ್ರಗಳ ಚರ್ಚೆ ಬೇರೆ ದಾರಿ ಹಿಡಿಯಿತು. 1995ರ ‘ಇವ್ಯಾಂಜೆಲಿಯನ್’ ಧಾರಾವಾಹಿಯಲ್ಲಿ ಹಿದೆಯಾಕಿ ಅನ್ನೊ ಯಂತ್ರಯುದ್ಧವನ್ನು ಕೈಬಿಟ್ಟು ಕೊನೆಯ ಎರಡು ಕಂತುಗಳನ್ನು ಹುಡುಗನೊಬ್ಬನ ಮನಸ್ಸಿನೊಳಗೇ ಮುಗಿಸಿದಾಗ ಅಭಿಮಾನಿಗಳೇ ಸಿಟ್ಟಿಗೆದ್ದರು. 2000ದಲ್ಲಿ ಮನೋವೈದ್ಯ ತಮಾಕಿ ಸೈತೊ ಆಯುಧ ಹಿಡಿದ ಸುಂದರ ಹುಡುಗಿಯರ ಬಗ್ಗೆ ಪುಸ್ತಕ ಬರೆದರು. ಮರುವರ್ಷ ವಿಮರ್ಶಕ ಹಿರೊಕಿ ಅಜುಮಾ ಇನ್ನೂ ಮುಂದೆ ಹೋಗಿ, ಕೂದಲ ಬಣ್ಣ, ಬೆಕ್ಕಿನ ಕಿವಿ, ಕನ್ನಡಕ ಇವೆಲ್ಲ ಒಂದು ಉಗ್ರಾಣದಲ್ಲಿವೆ, ಬೇಕಾದ್ದನ್ನು ಜೋಡಿಸಿದರೆ ಪಾತ್ರ ಸಿದ್ಧ, ಕತೆಗಾಗಿ ಕಾಯುವವರು ಈಗಿಲ್ಲ ಎಂದರು. ಇಂದಿನ ಎಷ್ಟೋ ಧಾರಾವಾಹಿಗಳಿಗೆ ಇದು ಹೊಂದುತ್ತದೆ. ಆದರೆ ಕೊನೆಯ ತನಕ ಮನುಷ್ಯರನ್ನು ಕ್ಷಮಿಸಲಾರೆ ಎಂದೇ ಹೇಳಿ ಕಾಡಿಗೆ ಹಿಂತಿರುಗುವ ಸಾನ್‌ಳನ್ನು ಯಾವ ಉಗ್ರಾಣದಿಂದ ತರುವುದು?

ಈಚಿನ ವರ್ಷಗಳಲ್ಲಿ ಮತ್ತೆ ಚಿತ್ರದ ವೈಭವವೇ ಮಾತು. ಮಕೊತೊ ಶಿಂಕಾಯಿ ಅವರ ‘ವೆದರಿಂಗ್ ವಿತ್ ಯೂ’ ಭಾರತದ ಅಭಿಮಾನಿಗಳು ಅರ್ಜಿ ಹಾಕಿ ಒತ್ತಾಯಿಸಿದ ಮೇಲೆ 2019ರ ಅಕ್ಟೋಬರಿನಲ್ಲಿ ನಮ್ಮ ಥಿಯೇಟರುಗಳಿಗೆ ಬಂತು. 2020ರ ‘ಡೀಮನ್ ಸ್ಲೇಯರ್’ ಚಿತ್ರ ಜಪಾನಿನ ಗಳಿಕೆಯಲ್ಲಿ ಮಿಯಾಜಾಕಿಯವರ ‘ಸ್ಪಿರಿಟೆಡ್ ಅವೇ’ಯನ್ನು ಹಿಂದಿಕ್ಕಿತು. ಅದರ ಮುಂದಿನ ‘ಇನ್ಫಿನಿಟಿ ಕ್ಯಾಸಲ್’ 2025ರ ಸೆಪ್ಟೆಂಬರಿನಲ್ಲಿ ಇಲ್ಲಿ ಹಿಂದಿ, ತಮಿಳು, ತೆಲುಗು ಮಾತನಾಡಿತು, ಕನ್ನಡ ಮಾತನಾಡಲಿಲ್ಲ. ಗಡಿಯಾಚೆ ಆಸನೂರಿನ ಹುಡುಗನಿಗೆ ತನ್ನ ರಾಜ್ಯದ ಭಾಷೆಯಲ್ಲಿ ಸಿಕ್ಕಿದ್ದು ಈಚೆ ಪುಣಜನೂರಿನ ಹುಡುಗನಿಗೆ ಸಿಗಲಿಲ್ಲ. ಡಬ್ಬಿಂಗ್‌ಗೆ ಕನ್ನಡದಲ್ಲಿ ದಶಕಗಳ ಕಾಲ ಇದ್ದ ತಡೆಯ ವಿರುದ್ಧ ಸ್ಪರ್ಧಾ ಆಯೋಗ 2015ರಲ್ಲೇ ಆದೇಶ ಕೊಟ್ಟಿದೆ. 2025ರ ಜುಲೈನಲ್ಲಿ ಹೊಂಬಾಳೆ ಸಂಸ್ಥೆ ಅರ್ಪಿಸಿದ ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರ ಕನ್ನಡದಲ್ಲೂ ತೆರೆಕಂಡಿತು. ಹಾದಿ ಇದೆ, ನಡೆಸುವವರು ಬೇಕು.

ಮೊದಲು ಕನ್ನಡಕ್ಕೆ ತರಬೇಕಾದ್ದು ಕತ್ತಿ ಬೀಸುವ ಚಿತ್ರವಲ್ಲ, ‘ಓನ್ಲಿ ಯೆಸ್ಟರ್ಡೇ’ ಎಂಬುದು ನನ್ನ ಆಸೆ. ಮೂಲದಲ್ಲಿ ತೊಶಿಯೊ ಆಡುವುದು ಟೋಕಿಯೊದ ಭಾಷೆಯಲ್ಲ, ಯಾಮಾಗಾತಾದ ಹಳ್ಳಿಯ ಮಾತು. ಕನ್ನಡದಲ್ಲಿ ಅವನಿಗೆ ಬೆಂಗಳೂರಿನ ಸ್ಟುಡಿಯೊದ ನುಣುಪಾದ ಕನ್ನಡ ಹಚ್ಚಬಾರದು. ಚಾಮರಾಜನಗರದ ಕಡೆಯ ‘ಕನಪ್ಪ’, ‘ಕನವ್ವ’ ಅವನ ಬಾಯಲ್ಲಿ ಬರಬೇಕು, ಆ ದನಿಯನ್ನು ಈ ಸೀಮೆಯವರೇ ಕೊಡಬೇಕು.