ವ್ಯಾಪಾರಿ ಜಾಲತಾಣ: ಕೊಣನೂರು ಸೀಮೆಯ ಉದ್ದಿಮೆಗಳ ಹಿನ್ನೆಲೆಯಲ್ಲಿ

ವ್ಯಾಪಾರಿ ಜಾಲತಾಣ: ಅಂಗಡಿ, ಗಿರಣಿ, ಕಲ್ಯಾಣ ಮಂಟಪ, ತರಬೇತಿ ಕೇಂದ್ರ ಮುಂತಾದ ಯಾವುದೇ ಉದ್ದಿಮೆ ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡ ವಿಳಾಸದಲ್ಲಿ, ತನ್ನದೇ ಜವಾಬ್ದಾರಿಯ ಮೇಲೆ ಅಂತರಜಾಲದಲ್ಲಿ ಇಟ್ಟಿರುವ ಪುಟಗಳ ಸಮೂಹ. ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಮುಂದಿಟ್ಟ ಪ್ರಸ್ತಾವದಿಂದ ಇಂಥ ಪುಟಗಳಿಗೆ ಆಧಾರವಾದ ಏರ್ಪಾಡು ಹುಟ್ಟಿತು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ಅದನ್ನು ಯಾರು ಬೇಕಾದರೂ ಕಾಸು ಕೊಡದೆ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟಿತು. ಭಾರತದಲ್ಲಿ ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಅಂತರಜಾಲ ಸಂಪರ್ಕ ಕೊಡಲು ತೊಡಗಿದ್ದು 1995ರ ಆಗಸ್ಟ್ 15ರಂದು. ಬೆಂಗಳೂರಿನಲ್ಲಿ ಜಾಲತಾಣ ಕಟ್ಟುವುದೇ ಒಂದು ಕಸುಬಾಗಿ ಬೆಳೆಯಿತು. ಹಾಸನ ಜಿಲ್ಲೆಯ ಹೋಬಳಿ ಊರುಗಳಿಗೆ ಅದರ ಗಾಳಿ ತಾಗಿದ್ದು ತಡವಾಗಿ, ಹೆಚ್ಚಾಗಿ ಮೊಬೈಲಿನ ಮೂಲಕ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡಕ್ಕಿರುವ ಕೊಣನೂರಿನಂಥ ಊರನ್ನು ಮುಂದಿಟ್ಟುಕೊಂಡು ನೋಡಿದರೆ ಒಂದು ಸಂಗತಿ ನಿಚ್ಚಳವಾಗುತ್ತದೆ. ಇಲ್ಲಿ ಜಾಲತಾಣವನ್ನು ತೆರೆದು ನೋಡುವವನು ಊರಿನಲ್ಲಿ ಇಲ್ಲದವನು. ಊರಿನವರಿಗೆ ಅಂಗಡಿಯೂ ಗೊತ್ತು, ಯಜಮಾನರೂ ಗೊತ್ತು, ಅವರ ಅಪ್ಪನ ವ್ಯವಹಾರವೂ ಗೊತ್ತು. ಆದ್ದರಿಂದ ತಾಣದ ಬೆಲೆ ಅದರ ಅಂದಚೆಂದಕ್ಕಿಂತ ಎರಡು ಪ್ರಶ್ನೆಗಳ ಮೇಲೆ ನಿಂತಿದೆ: ವಿಳಾಸ ಯಾರ ಕೈಯಲ್ಲಿದೆ, ಅಲ್ಲಿ ಬರೆದಿರುವುದು ಇವತ್ತಿಗೂ ನಿಜವೇ?

ಎಲ್ಲರಿಗೂ ಜಾಲತಾಣ ಬೇಕು ಎಂಬ ಮಾತು ಮಾರುವವರ ಮಾತು. ಈ ಸೀಮೆಯ ಮುಖ್ಯ ಹಣದ ಬೆಳೆಗಳಲ್ಲಿ ಒಂದಾದ ಹೊಗೆಸೊಪ್ಪನ್ನೇ ತೆಗೆದುಕೊಳ್ಳಬಹುದು. ಪರವಾನಗಿ ಪಡೆದ ರೈತ ತನ್ನ ಬೇಲುಗಳನ್ನು ರಾಮನಾಥಪುರದ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಒಯ್ಯುತ್ತಾನೆ. ಕೊಳ್ಳುವ ಕಂಪನಿಗಳು ಅಲ್ಲಿಗೇ ಬರುತ್ತವೆ. ಅವನಿಗೆ ಜಾಲತಾಣದಿಂದ ಆಗಬೇಕಾದದ್ದು ಏನೂ ಇಲ್ಲ. ತಂಬಾಕು ಪದಾರ್ಥಗಳ ಜಾಹೀರಾತನ್ನಂತೂ 2003ರ ಕಾಯ್ದೆಯೇ ತಡೆದಿದೆ. ಊರಿನ ಕಿರಾಣಿ ಅಂಗಡಿ, ಸೆಲೂನು, ಹಾಲಿನ ಡೇರಿಗಳಿಗೂ ಗೂಗಲ್ ನಕ್ಷೆಯಲ್ಲಿ ಸರಿಯಾದ ಜಾಗ, ಸರಿಯಾದ ಫೋನ್ ನಂಬರು ಇದ್ದರೆ ಸಾಕು. ಮದುವೆಗೆ ಮಂಟಪ ಬಾಡಿಗೆಗೆ ಕೊಡುವವರು, ಚನ್ನರಾಯಪಟ್ಟಣದ ಕಡೆ ಗಾಣದ ಕೊಬ್ಬರಿ ಎಣ್ಣೆ ತೆಗೆದು ಬೆಂಗಳೂರಿಗೆ ಕಳಿಸುವವರು, ಶುಂಠಿಯನ್ನು ಲಾರಿಗಟ್ಟಲೆ ಹೊರಗೆ ಸಾಗಿಸುವವರು, ಸಸಿ ನರ್ಸರಿಯವರು, ಹೊಳೆಯ ಅಂಚಿನಲ್ಲಿ ಹೋಮ್‌ಸ್ಟೇ ನಡೆಸುವವರು, ಇವರ ಪಾಡು ಬೇರೆ. ಇವರ ಗಿರಾಕಿ ಹಾಸನದಲ್ಲೋ ಮೈಸೂರಿನಲ್ಲೋ ಕುಳಿತು ತೀರ್ಮಾನ ತೆಗೆದುಕೊಳ್ಳುತ್ತಾನೆ. ಕಟ್ಟೇಪುರದ ತೂಗುಸೇತುವೆ, ರಾಮನಾಥಪುರದ ಷಷ್ಠಿ ಜಾತ್ರೆ, ಸಂಗೀತಗಾರರ ಊರೆನಿಸಿದ ರುದ್ರಪಟ್ಟಣ ಇವನ್ನೆಲ್ಲ ನೋಡಲು ಬರುವ ಪರಊರಿನವರೂ ಉಳಿಯುವ ಜಾಗವನ್ನು ಮೊದಲು ಫೋನಿನಲ್ಲೇ ಹುಡುಕುತ್ತಾರೆ.

ಯೋಜನೆ ಎಂದರೆ ಈ ಹೊರಗಿನವನು ಕೇಳುವ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದು. ಕಲ್ಯಾಣ ಮಂಟಪವೊಂದರ ಉದಾಹರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಬೆಂಗಳೂರಿನಲ್ಲಿರುವ ಹುಡುಗಿಯ ಸೋದರಮಾವ ಫೋನ್ ಮಾಡಿ ಕೇಳುವುದೇನು? ಒಂದು ಪಂಕ್ತಿಗೆ ಎಷ್ಟು ಜನ ಕೂರಬಹುದು, ಹಿಂದಿನ ದಿನ ಸಂಜೆ ಎಷ್ಟು ಹೊತ್ತಿಗೆ ಬೀಗ ಕೊಡುತ್ತೀರಿ, ರೂಮು ಎಷ್ಟು, ಕರೆಂಟು ಹೋದರೆ ಜನರೇಟರಿನ ಡೀಸೆಲ್ ಖರ್ಚು ಯಾರದು, ಪಾತ್ರೆ ಬಾಡಿಗೆಯಲ್ಲೇ ಸೇರಿದೆಯೋ ಬೇರೆಯೋ, ಹೊರಗಿನ ಅಡುಗೆಯವರನ್ನು ಕರೆತರಬಹುದೋ, ಬಸ್ಸು ತಿರುಗಿಸಲು ಜಾಗ ಇದೆಯೋ, ಮುಹೂರ್ತ ಬದಲಾದರೆ ಅಡ್ವಾನ್ಸ್ ವಾಪಸು ಬರುತ್ತದೆಯೋ. ಮಂಟಪದ ಮ್ಯಾನೇಜರು ಪ್ರತಿ ಲಗ್ನದ ಕಾಲದಲ್ಲೂ ಇವೇ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಗಂಟಲು ಒಣಗಿಸಿಕೊಳ್ಳುತ್ತಾನೆ. ತಾಣದ ಮುಖ್ಯಪುಟಕ್ಕೆ ಬೇಕಾದ ಒಡಲೆಲ್ಲ ಅವನ ಬಾಯಲ್ಲೇ ಇದೆ. ಆದರೂ ಇಂಥ ತಾಣಗಳಲ್ಲಿ ಸಾಮಾನ್ಯವಾಗಿ ಕಾಣುವುದು ‘ನಮ್ಮ ಧ್ಯೇಯ’, ‘ನಮ್ಮ ದೂರದೃಷ್ಟಿ’ ಎಂಬ ಎರವಲು ವಾಕ್ಯಗಳು, ಎಲ್ಲಿಯದೋ ನಗರದ ಸಭಾಂಗಣದ ಚಿತ್ರ. ಊಟದ ಹಾಲಿನ ನಿಜವಾದ ಫೋಟೋ, ಅದೂ ಖಾಲಿ ಇದ್ದಾಗ ಹಗಲು ಬೆಳಕಿನಲ್ಲಿ ತೆಗೆದದ್ದು, ಆ ಧ್ಯೇಯವಾಕ್ಯಕ್ಕಿಂತ ಹೆಚ್ಚು ಬುಕಿಂಗು ತರುತ್ತದೆ ಎಂದು ನಂಬಲು ಕಾರಣವಿದೆ: ನೋಡುವವನು ತನ್ನ ನೆಂಟರನ್ನು ಅಲ್ಲಿ ಮನಸ್ಸಿನಲ್ಲೇ ಕೂರಿಸಿ ನೋಡುತ್ತಾನೆ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಬಲವಾದದ್ದೇ. ವಾಟ್ಸಾಪ್ ಇದೆ, ಫೇಸ್‌ಬುಕ್ ಪುಟವಿದೆ, ಇನ್‌ಸ್ಟಾಗ್ರಾಮ್ ರೀಲು ಇದೆ. ಕಾಸಿಲ್ಲದೆ ಸಿಗುವುದನ್ನು ಬಿಟ್ಟು ಕಾಸು ಕೊಟ್ಟು ತಾಣ ಏಕೆ? ಇವು ಗಿರಾಕಿಯನ್ನು ಮುಟ್ಟುವ ದಾರಿಗಳೆಂಬುದರಲ್ಲಿ ಎರಡು ಮಾತಿಲ್ಲ. ಮಾತುಕತೆ ಮುಗಿಯುವುದು ಇವತ್ತಿಗೂ ವಾಟ್ಸಾಪಿನಲ್ಲೇ. ಆದರೆ ಅವುಗಳ ಜಾಗ ಬೇರೆಯವರದು. 2020ರ ಜೂನ್ ಕೊನೆಯಲ್ಲಿ ಭಾರತ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅಲ್ಲಿ ಲಕ್ಷಗಟ್ಟಲೆ ಹಿಂಬಾಲಕರನ್ನು ಕೂಡಿಸಿಕೊಂಡಿದ್ದವರು ಬರಿಗೈಯಾದರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ಒಟ್ಟಿಗೇ ನಿಂತುಹೋದವು. ಇವೆರಡಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರದ್ದು ಇನ್ನೊಂದು: ಸಣ್ಣ ವ್ಯಾಪಾರಿಗಳಿಗೆಂದು ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ ಮೂಲಕ ಪುಕ್ಕಟೆಯಾಗಿ ಮಾಡಿಕೊಟ್ಟಿದ್ದ ಜಾಲತಾಣಗಳನ್ನು 2024ರ ಮಾರ್ಚಿನಲ್ಲಿ ಅದೇ ಮುಚ್ಚಿಹಾಕಿತು. ಆ ವಿಳಾಸವನ್ನು ವಿಸಿಟಿಂಗ್ ಕಾರ್ಡಿನ ಮೇಲೆ, ಅಂಗಡಿ ಬೋರ್ಡಿನ ಮೇಲೆ ಬರೆಸಿಕೊಂಡಿದ್ದವರಿಗೆ ಬೇರೆ ದಾರಿ ಇರಲಿಲ್ಲ. ಯಾರ ತಪ್ಪೂ ಇಲ್ಲ; ಪರರ ಜಗುಲಿಯ ಮೇಲೆ ಹಾಕಿದ ಅಂಗಡಿಯನ್ನು ಮನೆಯವರು ಎತ್ತಿಕೊಳ್ಳಿ ಎಂದರೆ ಎತ್ತಿಕೊಳ್ಳಬೇಕಾಗುತ್ತದೆ. ಹೀಗಾಗಿ ಸಾಮಾಜಿಕ ಮಾಧ್ಯಮ ಗಿರಾಕಿಯನ್ನು ಕರೆತರಲಿ, ಖಚಿತ ಮಾಹಿತಿ ಸ್ವಂತ ವಿಳಾಸದಲ್ಲಿರಲಿ ಎಂಬ ಹಂಚಿಕೆಯೇ ಸರಿ.

ಸ್ವಂತ ವಿಳಾಸ, ಅಂದರೆ ಡೊಮೈನ್ ಹೆಸರು, ಇಡೀ ಕೆಲಸದಲ್ಲಿ ಅತಿ ಅಗ್ಗದ್ದು ಮತ್ತು ಅತಿ ಮುಖ್ಯವಾದದ್ದು. ಭಾರತದ .ಇನ್ ಹೆಸರುಗಳ ದಾಖಲೆಯನ್ನು ನೋಡಿಕೊಳ್ಳುವುದು 2003ರಲ್ಲಿ ಸ್ಥಾಪನೆಯಾದ ನಿಕ್ಸಿ ಎಂಬ ಸಂಸ್ಥೆ. 2005ರಿಂದ ಯಾರು ಬೇಕಾದರೂ ಈ ಹೆಸರುಗಳನ್ನು ಸುಲಭವಾಗಿ ಪಡೆಯುವಂತಾಯಿತು. ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ, ಒಂದರಿಂದ ಹತ್ತು ವರ್ಷದವರೆಗೆ ಹಕ್ಕು ಪಡೆದು ನವೀಕರಿಸುತ್ತ ಹೋಗಬೇಕು. ಮೊದಲ ವರ್ಷಕ್ಕೆ ರಿಯಾಯಿತಿ ತೋರಿಸಿ ನವೀಕರಣಕ್ಕೆ ಹೆಚ್ಚು ಕೇಳುವುದು ಈ ಪೇಟೆಯ ವಾಡಿಕೆಯಾದ್ದರಿಂದ ಎರಡನೇ ವರ್ಷದ ದರವನ್ನೇ ವಿಚಾರಿಸಬೇಕು. ಹಗರಣವಾಗುವುದು ಮಾತ್ರ ಬೇರೆ ಕಡೆ. ತಾಣ ಮಾಡಿಕೊಡುವ ಹುಡುಗ ತನ್ನದೇ ಇಮೇಲ್, ತನ್ನದೇ ಖಾತೆಯಲ್ಲಿ ಹೆಸರನ್ನು ನೋಂದಾಯಿಸುತ್ತಾನೆ. ಆಮೇಲೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ನಂಬರು ಬದಲಾಗುತ್ತದೆ. ನವೀಕರಣದ ಎಚ್ಚರಿಕೆ ಅವನು ತೆರೆಯದ ಡಬ್ಬಿಗೆ ಹೋಗಿ ಬೀಳುತ್ತದೆ. ಜಮೀನಿನ ಪಹಣಿಯಲ್ಲಿ ಯಾರ ಹೆಸರಿದೆ ಎಂದು ವರ್ಷವರ್ಷವೂ ನೋಡುವ ಸೀಮೆಯಲ್ಲಿ ಈ ದಾಖಲೆಯನ್ನು ಯಾರೂ ನೋಡದಿರುವುದು ವಿಚಿತ್ರ. ಯಜಮಾನನ ಹೆಸರು, ಯಜಮಾನನ ಇಮೇಲ್, ಯಜಮಾನನ ಫೋನು ಎಂಬ ಷರತ್ತನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆಯಬೇಕು. ಕನ್ನಡ ಲಿಪಿಯಲ್ಲೇ .ಭಾರತ ಎಂದು ಮುಗಿಯುವ ವಿಳಾಸಗಳೂ ಸಿಗುತ್ತವೆ. ಬೋರ್ಡಿಗೆ ಅದು ಚೆಂದ. ಆದರೆ ಹಲವು ಫಾರಂಗಳು, ಇಮೇಲ್ ಸೇವೆಗಳು ಇನ್ನೂ ಅದನ್ನು ಒಪ್ಪಿಕೊಳ್ಳದ ಕಾರಣ ಸದ್ಯಕ್ಕೆ ಎರಡನೆಯ ವಿಳಾಸವಾಗಿ ಇಟ್ಟುಕೊಳ್ಳುವುದು ಜಾಣತನ.

ಭಾಷೆಯ ವಿಚಾರದಲ್ಲಿ ಇಂಗ್ಲಿಷಿದ್ದರೆ ಮರ್ಯಾದೆ ಎಂಬ ಭಾವನೆ ಗಟ್ಟಿಯಾಗಿದೆ. ಹೊರರಾಜ್ಯದ ಸಗಟು ಖರೀದಿದಾರನಿಗೆ ಇಂಗ್ಲಿಷ್ ಪುಟ ಬೇಕೇ ಬೇಕು. ಮಂಟಪ, ನರ್ಸರಿ, ಬಿತ್ತನೆ ಬೀಜದ ಗಿರಾಕಿಗಳು ಮಾತ್ರ ಕನ್ನಡದಲ್ಲೇ ಯೋಚಿಸುವವರು. ಫೋನಿಗೆ ಬಾಯಲ್ಲಿ ಹೇಳಿ ಹುಡುಕುವವರು ಅವರಲ್ಲಿ ಬಹಳ. ಇಲ್ಲೊಂದು ತಾಂತ್ರಿಕ ತೊಡಕು ಇದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗ ಇದ್ದರೂ, ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರುಗಳಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲೇ ಬೆರಳಚ್ಚು ಮಾಡುವ ರೂಢಿ ಉಳಿದಿದೆ. ಆ ಫಾಂಟಿನ ಬರಹವನ್ನು ಹಾಗೇ ತಾಣಕ್ಕೆ ಹಾಕಿದರೆ ಓದುಗನಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಅದಕ್ಕಿಂತ ಸಾಮಾನ್ಯವಾದದ್ದು ಫ್ಲೆಕ್ಸ್ ಚಿತ್ರ. ಅಂಗಡಿ ಉದ್ಘಾಟನೆಗೆ ಮಾಡಿಸಿದ ಬ್ಯಾನರನ್ನೇ ಮುಖ್ಯಪುಟಕ್ಕೆ ಅಂಟಿಸುತ್ತಾರೆ. ಅದರಲ್ಲಿ ದೇವರ ಪಟ, ಮುಖಂಡರ ಫೋಟೋಗಳ ಸಾಲು, ಮೂಲೆಯಲ್ಲಿ ಫೋನ್ ನಂಬರು. ಕಣ್ಣಿಗೆ ಅದು ಬರಹ, ಯಂತ್ರಕ್ಕೆ ಬರಿಯ ಚಿತ್ರ. ಹುಡುಕಾಟದಲ್ಲಿ ಅದರೊಳಗಿನ ಮಾತು ಸಿಗುತ್ತದೆ ಎಂಬ ಭರವಸೆಯಿಲ್ಲ, ಬೆರಳಿಟ್ಟರೆ ಕರೆಯೂ ಹೋಗುವುದಿಲ್ಲ. ಊರಿನ ಹೆಸರನ್ನೂ ಬಿಡಿಯಾಗಿ ಬರೆದರೆ ಸಾಲದು. ಬೆಳಗಾವಿ, ಗದಗ ಜಿಲ್ಲೆಗಳಲ್ಲಿ ಕೊಣ್ಣೂರುಗಳಿವೆ, ರೋಮನ್ ಲಿಪಿಯಲ್ಲಿ ಒಂದಕ್ಷರ ಆಚೀಚೆಯಾದರೆ ಲಾರಿ ಇನ್ನೆಲ್ಲಿಗೋ ಹೊರಡುತ್ತದೆ. ‘ಕೊಣನೂರು, ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ’ ಎಂದು ಪೂರ್ತಿ ವಿಳಾಸ, ಪಿನ್‌ಕೋಡಿನ ಸಮೇತ, ಪ್ರತಿ ಪುಟದ ಅಡಿಯಲ್ಲೂ ಇರಬೇಕು.

ಕಟ್ಟುವ ಕೆಲಸ ಇದರ ಮುಂದೆ ಹಗುರ. ನಾಲ್ಕೈದು ಪುಟಗಳಿಗೆ ಸರಳ ಸ್ಥಿರ ಪುಟಗಳೇ ಸಾಕು; ದರ, ದಿನಾಂಕಗಳನ್ನು ತಾವೇ ಬದಲಿಸಿಕೊಳ್ಳಬೇಕೆನ್ನುವವರು 2003ರಲ್ಲಿ ಬಂದ ವರ್ಡ್‌ಪ್ರೆಸ್ ಎಂಬ ಉಚಿತ ತಂತ್ರಾಂಶವನ್ನು ಬಳಸಬಹುದು, ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಅದರ ಮೇಲೆಯೇ ನಡೆಯುತ್ತಿವೆ. ತಾಣಕ್ಕೆ ಬೇಕಾದ ಭದ್ರತಾ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ 2015ರ ಕೊನೆಯಿಂದಲೇ ಪುಕ್ಕಟೆ ಸಿಗುತ್ತಿದೆ. ಅದಿಲ್ಲದ ತಾಣವನ್ನು ಕ್ರೋಮ್ ಬ್ರೌಸರ್ 2018ರ ಜುಲೈಯಿಂದ ‘ಸುರಕ್ಷಿತವಲ್ಲ’ ಎಂದು ಗುರುತಿಸುತ್ತದೆ. ಈ ಪ್ರಮಾಣಪತ್ರಕ್ಕೆಂದು ಯಾರಾದರೂ ಸಾವಿರಾರು ರೂಪಾಯಿ ಬಿಲ್ಲು ಹಾಕಿದರೆ ಪ್ರಶ್ನಿಸಬಹುದು. ಫೋನಿನಲ್ಲಿ ತೆಗೆದ ಫೋಟೋ ನಾಲ್ಕೈದು ಎಂಬಿ ತೂಗುತ್ತದೆ. ನೂರಿನ್ನೂರು ಕೆಬಿಗೆ ಇಳಿಸಿದರೂ ಸಣ್ಣ ಪರದೆಯಲ್ಲಿ ವ್ಯತ್ಯಾಸ ಕಾಣದು, ಸಿಗ್ನಲ್ ತೆವಳುವ ಕಡೆ ಪುಟ ಬೇಗ ತೆರೆಯುತ್ತದೆ. ಪರೀಕ್ಷೆಯನ್ನು ಮಾಡಿಕೊಟ್ಟವನ ಲ್ಯಾಪ್‌ಟಾಪಿನಲ್ಲಿ ಮಾಡಬಾರದು, ಅಗ್ಗದ ಫೋನೊಂದರಲ್ಲಿ ಬಿಸಿಲಿಗೆ ನಿಂತು ಮಾಡಬೇಕು.

ಖರ್ಚಿನ ಆಕ್ಷೇಪಕ್ಕೆ ಉತ್ತರ ಹಣದಲ್ಲಿಲ್ಲ. ಹೆಸರು, ಹೋಸ್ಟಿಂಗ್ (ಪುಟಗಳನ್ನು ಇಡುವ ಜಾಗದ ಬಾಡಿಗೆ) ಎರಡೂ ಸೇರಿ ವರ್ಷಕ್ಕೆ ಆಗುವ ಖರ್ಚು ಒಂದೆರಡು ದೊಡ್ಡ ಫ್ಲೆಕ್ಸಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಿಜವಾದ ಖರ್ಚು ಮಾಹಿತಿಯನ್ನು ತಾಜಾ ಇಡುವ ಶ್ರಮ. ಹಾಸನದ ಆಲೂಗಡ್ಡೆ ಬಿತ್ತನೆ ಬೀಜ ಜಲಂಧರದ ಕಡೆಯಿಂದ ಬರುತ್ತದೆ, ಮುಂಗಾರಿಗೆ ಮುಂಚೆ ಕೆಲವೇ ವಾರಗಳಲ್ಲಿ ಮಾರಾಟ ಮುಗಿಯುತ್ತದೆ, ದರ ದಿನದಿನಕ್ಕೆ ಏರಿಳಿಯುತ್ತದೆ. ಬೀಜದ ವ್ಯಾಪಾರಿಯ ತಾಣದಲ್ಲಿ ಕುಫ್ರಿ ಜ್ಯೋತಿ ತಳಿಯ ಹೋದ ವರ್ಷದ ದರ ದಿನಾಂಕವಿಲ್ಲದೆ ಕುಳಿತಿದ್ದರೆ, ಅದನ್ನು ನೋಡಿ ಗಾಡಿ ಮಾಡಿಕೊಂಡು ಬಂದ ರೈತನಿಗೂ ವ್ಯಾಪಾರಿಗೂ ಜಗಳ ಖಂಡಿತ. ಅಂಥ ತಾಣಕ್ಕಿಂತ ತಾಣವಿಲ್ಲದಿರುವುದೇ ವಾಸಿ. ದಿನವೂ ತಿದ್ದಲು ಆಗದ ದರವನ್ನು ಹಾಕಲೇಬಾರದು. ತಳಿ, ಮೂಲ, ಚೀಲದ ತೂಕ, ಸರಕು ಬರುವ ತಿಂಗಳು ಇವನ್ನು ಹಾಕಿ ‘ಇಂದಿನ ದರಕ್ಕೆ ಕರೆ ಮಾಡಿ’ ಎನ್ನುವುದು ಪ್ರಾಮಾಣಿಕ. ದರ ಹಾಕುವುದೇ ಆದರೆ ಪಕ್ಕದಲ್ಲಿ ತಾರೀಕು ಇರಲಿ.

ತಾಣದ ಮೇಲೆಯೇ ಮಾರಾಟ ಶುರುವಾದರೆ ಕಾನೂನು ಜೊತೆಗೆ ಬರುತ್ತದೆ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಉದ್ದಿಮೆಯ ಕಾನೂನುಬದ್ಧ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ಸಂಪರ್ಕ ಕಾಣುವಂತಿರಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ ಒಂದು ತಿಂಗಳಲ್ಲಿ ಪರಿಹರಿಸಬೇಕು. ಪೊಟ್ಟಣದ ಸರಕಿಗೆ ಗರಿಷ್ಠ ಮಾರಾಟ ಬೆಲೆ, ನಿವ್ವಳ ತೂಕ, ತಯಾರಕರ ಹೆಸರು ತೋರಿಸಬೇಕು. ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟು, ವಹಿವಾಟು ಎಷ್ಟೇ ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿ ತಪ್ಪದು. ಇ-ಕಾಮರ್ಸ್ ನಿಯಮಗಳ ಹೊರೆಯ ಕಾರಣಕ್ಕೆ ಸಣ್ಣ ಎಣ್ಣೆ ಗಾಣದವರು ತಾಣದಲ್ಲಿ ಮಾಹಿತಿ ಮಾತ್ರ ಇಟ್ಟು ಆರ್ಡರನ್ನು ಫೋನಿನಲ್ಲಿ ಪಡೆದರೆ ಅದನ್ನು ಹಿಂದುಳಿದಿರುವಿಕೆ ಎನ್ನಲಾಗದು.

ಈಚಿನ ಆಕ್ಷೇಪವೊಂದಿದೆ: ಜನ ಇನ್ನು ತಾಣ ತೆರೆಯುವುದಿಲ್ಲ, ಕೃತಕ ಬುದ್ಧಿಮತ್ತೆಯನ್ನೇ ಕೇಳುತ್ತಾರೆ. ಕೇಳಲಿ. ಅದು ಉತ್ತರ ಹೇಳುವುದು ಎಲ್ಲೋ ಬರೆದಿಟ್ಟದ್ದನ್ನು ಓದಿ. ಮಂಟಪದವರೇ ಬರೆದ ಪುಟ ಇಲ್ಲವಾದರೆ ಯಾರೋ ಮೂರನೆಯವರ ಪಟ್ಟಿಯಲ್ಲಿರುವ ಹಳೆಯ ನಂಬರೇ ಉತ್ತರವಾಗಿ ಬರುತ್ತದೆ. ಓದುವವರು ಮನುಷ್ಯರಾದರೂ ಯಂತ್ರವಾದರೂ ಮೂಲ ದಾಖಲೆ ಬೇಕಾಗುತ್ತದೆ, ಅದರ ಕೀಲಿ ಯಜಮಾನನ ಬಳಿ ಇರಬೇಕಾಗುತ್ತದೆ.

ವ್ಯಾಪಾರ ನಿಲ್ಲಿಸುವಾಗಿನ ಕ್ರಮವನ್ನು ಬಹುತೇಕ ಯಾರೂ ಯೋಜನೆಯಲ್ಲಿ ಸೇರಿಸುವುದಿಲ್ಲ. ನವೀಕರಿಸದೆ ಬಿಟ್ಟ ಹೆಸರು ಕೆಲವು ತಿಂಗಳಲ್ಲಿ ಮತ್ತೆ ಮಾರಾಟಕ್ಕೆ ಬರುತ್ತದೆ. ಹಳೆಯ ಹೆಸರುಗಳನ್ನು ಹಿಡಿದು ಜೂಜಿನ ಜಾಹೀರಾತು ಹಾಕುವವರು ಅದಕ್ಕಾಗಿಯೇ ಕಾದಿರುತ್ತಾರೆ. ಮದುವೆ ಕಾರ್ಡುಗಳ ಮೇಲೆ ಅಚ್ಚಾದ ಮಂಟಪದ ವಿಳಾಸ ತೆರೆದಾಗ ರಮ್ಮಿ ಆಟ ಕಾಣುವುದು ಹೀಗೆ. ಅಂಗಡಿ ಮುಚ್ಚಿದ ಮೇಲೂ ಮೂರು ನಾಲ್ಕು ವರ್ಷ ಹೆಸರನ್ನು ನವೀಕರಿಸಿ, ‘ವ್ಯವಹಾರ ನಿಲ್ಲಿಸಲಾಗಿದೆ’ ಎಂಬ ಒಂದು ಸಾಲು, ಬಾಕಿ ಲೆಕ್ಕಕ್ಕೆ ಒಂದು ಫೋನ್ ನಂಬರು ಇಟ್ಟರೆ ಸಾಕು.