ಜಾಝ್ ಆರ್ಗನ್: ಮರೆಯಲ್ಲಿ ಉಳಿದ ಧ್ವನಿಮುದ್ರಿಕೆಗಳು

ಜಾಝ್ ಆರ್ಗನ್ ಎಂದರೆ ಬಹುತೇಕ ಕೇಳುಗರಿಗೆ ನೆನಪಾಗುವ ಹೆಸರು ಜಿಮ್ಮಿ ಸ್ಮಿತ್. 1956ರಲ್ಲಿ ನ್ಯೂಯಾರ್ಕಿನ ಬ್ಲೂ ನೋಟ್ ಕಂಪನಿ ಅವರ ಮೊದಲ ಎಲ್‌ಪಿಯನ್ನು ಹೊರತಂದ ಮೇಲೆ ಈ ವಾದ್ಯದ ದಿಕ್ಕೇ ಬದಲಾಯಿತು. ಆದರೆ ಅದೇ ಕಾಲದ ಹತ್ತಾರು ವಾದಕರ ಒಳ್ಳೆಯ ಧ್ವನಿಮುದ್ರಿಕೆಗಳು ಬಹಳ ವರ್ಷ ಯಾರ ಗಮನಕ್ಕೂ ಬರಲಿಲ್ಲ. ಕೆಲವಂತೂ ಬಿಡುಗಡೆಯನ್ನೇ ಕಾಣದೆ ಕಂಪನಿಗಳ ಉಗ್ರಾಣದಲ್ಲಿ ಟೇಪುಗಳಾಗಿಯೇ ಉಳಿದವು. ಅವು ಒಂದೊಂದಾಗಿ ಬೆಳಕಿಗೆ ಬಂದದ್ದು 1970ರ ದಶಕದ ನಡುವಿನಿಂದ ಈಚೆಗೆ. ಆ ಕೆಲಸ ಇನ್ನೂ ಮುಗಿದಿಲ್ಲ.

ಕತೆ ಶುರುವಾಗುವುದು ಸ್ಮಿತ್‌ಗಿಂತ ಮೂರು ದಶಕ ಹಿಂದೆ. ನ್ಯೂಜೆರ್ಸಿಯ ಕ್ಯಾಮ್ಡೆನ್ ಪಟ್ಟಣದಲ್ಲಿ ವಿಕ್ಟರ್ ಕಂಪನಿ ಹಳೆಯ ಚರ್ಚೊಂದನ್ನು ಕೊಂಡು ಸ್ಟುಡಿಯೊ ಮಾಡಿಕೊಂಡಿತ್ತು. ಅಲ್ಲಿನ ಪೈಪ್ ಆರ್ಗನ್ ಮೇಲೆ ಫ್ಯಾಟ್ಸ್ ವಾಲರ್ 1926ರಲ್ಲಿ ನುಡಿಸಲು ತೊಡಗಿದರು. ಕೀಲಿ ಒತ್ತಿ, ಗಾಳಿ ಕೊಳವೆಯನ್ನು ಹೊಕ್ಕು ಸ್ವರ ಹೊರಡುವಷ್ಟರಲ್ಲಿ ಲಯ ಜಾರಿಹೋಗಬಹುದಾದ ವಾದ್ಯದಿಂದ ಅವರು ಜಾಝ್‌ನ ಕುಣಿತ ಹೊರಡಿಸಿದ್ದು ಇಂದಿಗೂ ಬೆರಗು ಹುಟ್ಟಿಸುತ್ತದೆ.

1935ರಲ್ಲಿ ಶಿಕಾಗೊದ ಲಾರೆನ್ಸ್ ಹ್ಯಾಮಂಡ್ ವಿದ್ಯುತ್ ಆರ್ಗನ್ ಮಾರುಕಟ್ಟೆಗೆ ತಂದರು. ಅದರೊಳಗೆ ಹಲ್ಲುಗಳುಳ್ಳ ಲೋಹದ ಚಕ್ರಗಳು ಕಾಂತಗಳ ಎದುರು ತಿರುಗಿ ಸ್ವರ ಹುಟ್ಟಿಸುತ್ತವೆ. ಪೈಪ್ ಆರ್ಗನ್ ಕೊಳ್ಳಲಾಗದ ಚರ್ಚುಗಳಿಗೆ ಇದು ವರವಾಯಿತು. ಹಾಗಾಗಿ ಮುಂದಿನ ಪೀಳಿಗೆಯ ಎಷ್ಟೋ ಜಾಝ್ ವಾದಕರು ಈ ನಾದವನ್ನು ಮೊದಲು ಕೇಳಿದ್ದು ಪ್ರಾರ್ಥನೆಯಲ್ಲೇ. 1950ರ ದಶಕದ ಆರಂಭದಲ್ಲಿ ವೈಲ್ಡ್ ಬಿಲ್ ಡೇವಿಸ್ ಆರ್ಗನ್, ಗಿಟಾರ್, ಡ್ರಮ್‌ಗಳ ಮೂವರ ತಂಡ ಕಟ್ಟಿದರು. ಅವರನ್ನು ಕೇಳಿಯೇ ಪಿಯಾನೊ ಬಿಟ್ಟು ಆರ್ಗನ್ ಹಿಡಿದವರು ಸ್ಮಿತ್. ಆ ಹೊತ್ತಿಗೆ ಬಿ-3 ಎಂಬ ಮಾದರಿಯೂ ಬಂದಿತ್ತು.

ಬಾಸ್ ವಾದಕನ ಕೆಲಸವನ್ನು ಆರ್ಗನ್ ವಾದಕನ ಎಡಗೈ ಮತ್ತು ಕಾಲಡಿಯ ಪೆಡಲ್‌ಗಳೇ ಮಾಡುತ್ತಿದ್ದುದರಿಂದ ಕ್ಲಬ್ ಮಾಲೀಕರಿಗೆ ಒಬ್ಬರ ಸಂಬಳ ಉಳಿಯುತ್ತಿತ್ತು. ಫಿಲಡೆಲ್ಫಿಯ, ನೂಆರ್ಕ್, ಅಟ್ಲಾಂಟಿಕ್ ಸಿಟಿಗಳ ಕಪ್ಪು ಜನರ ಬಡಾವಣೆಗಳಲ್ಲಿ ಆರ್ಗನ್ ಇರುವ ಕ್ಲಬ್‌ಗಳು ತಲೆಯೆತ್ತಿದವು. ಬ್ಲೂ ನೋಟ್, ಪ್ರೆಸ್ಟೀಜ್ ಕಂಪನಿಗಳು ಎಲ್‌ಪಿ ಮೇಲೆ ಎಲ್‌ಪಿ ಹೊರತಂದವು. ಜೂಕ್‌ಬಾಕ್ಸ್‌ಗೆಂದು ಉದ್ದನೆಯ ಹಾಡನ್ನು ಎರಡು ತುಂಡು ಮಾಡಿ ಪುಟ್ಟ ತಟ್ಟೆಗಳಲ್ಲೂ ಅಚ್ಚು ಹಾಕಿಸಿದವು. ಈ ಹೇರಳತೆಯೇ ಮರೆವಿಗೆ ಒಂದು ಕಾರಣ. ಕುಡಿಯುವ ಜಾಗದ ಸಂಗೀತವೆಂದು ಅನೇಕ ವಿಮರ್ಶಕರು ಇದನ್ನು ಗಂಭೀರವಾಗಿ ಪರಿಗಣಿಸಲೇ ಇಲ್ಲ. ಅದು ಅನ್ಯಾಯವೇ ಸರಿ.

ಬೇಬಿ ಫೇಸ್ ವಿಲೆಟ್ ಅವರನ್ನೇ ನೋಡಬಹುದು. 1961ರ ಜನವರಿ 23ರಂದು ಸ್ಯಾಕ್ಸೊಫೋನ್ ವಾದಕ ಲೂ ಡೊನಾಲ್ಡ್‌ಸನ್ ಅವರದು, 28ರಂದು ಗಿಟಾರ್ ವಾದಕ ಗ್ರಾಂಟ್ ಗ್ರೀನ್ ಅವರದು, 30ರಂದು ತಮ್ಮದೇ 'ಫೇಸ್ ಟು ಫೇಸ್', ಹೀಗೆ ಒಂದೇ ವಾರದಲ್ಲಿ ಮೂರು ಆಲ್ಬಮ್‌ಗಳಿಗೆ ಅವರು ನುಡಿಸಿದರು. ಬ್ಲೂ ನೋಟ್‌ಗೆ ಇನ್ನೊಂದು, ಆರ್ಗೊ ಕಂಪನಿಗೆ ಎರಡು, ಅಲ್ಲಿಗೆ ನಾಯಕರಾಗಿ ಅವರ ಧ್ವನಿಮುದ್ರಣವೇ ನಿಂತುಹೋಯಿತು. 1971ರಲ್ಲಿ ತೀರಿಕೊಂಡರು. ಗ್ಲೋರಿಯಾ ಕೋಲ್ಮನ್ ಅವರ 'ಸೋಲ್ ಸಿಸ್ಟರ್ಸ್' (1963) ಇನ್ನೂ ಅಪರೂಪದ್ದು: ಆರ್ಗನ್‌ನಲ್ಲಿ ಕೋಲ್ಮನ್, ಡ್ರಮ್‌ನಲ್ಲಿ ಪೋಲಾ ರಾಬರ್ಟ್ಸ್. ಮಹಿಳೆಯರಿಬ್ಬರು ಲಯವನ್ನು ಹೊತ್ತು ನಡೆಸಿದ ಇಂಥ ಆಲ್ಬಮ್ ಆ ಕಾಲದಲ್ಲಿ ವಿರಳ.

ಉಗ್ರಾಣದ ಬಾಗಿಲು ತೆರೆಸಿದವರಲ್ಲಿ ಮೊದಲು ನೆನೆಯಬೇಕಾದವರು ನಿರ್ಮಾಪಕ ಮೈಕಲ್ ಕಸ್ಕೂನಾ. ಬಿಡುಗಡೆಯಾಗದ ಧ್ವನಿಮುದ್ರಣಗಳ ಬಗ್ಗೆ ಸಂಗೀತಗಾರರನ್ನೇ ಕೇಳಿ ಪಟ್ಟಿ ಮಾಡಿಕೊಂಡಿದ್ದ ಅವರಿಗೆ 1975ರಲ್ಲಿ ಬ್ಲೂ ನೋಟ್ ಟೇಪುಗಳನ್ನು ನೋಡುವ ಅವಕಾಶ ಸಿಕ್ಕಿತು. ಜಾನ್ ಪ್ಯಾಟನ್ 1963ರಲ್ಲಿ ನುಡಿಸಿದ್ದ 'ಬ್ಲೂ ಜಾನ್' 1986ರಲ್ಲಿ ಹೊರಬಂತು. ಅವರದೇ 'ಬೂಗಲೂ' 1968ರದು. ಕೇಳುಗರನ್ನು ತಲುಪಿದ್ದು 1995ರಲ್ಲಿ.

ಈ ನಡುವೆ ಹಳೆಯ ತಟ್ಟೆಗಳನ್ನು ಹುಡುಕುವವರ ಜಾಣ್ಮೆಯೂ ಬೆಳೆಯಿತು. ಅವರು ಮೊದಲು ನೋಡುವುದು ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ನುಣುಪು ಪಟ್ಟಿಯನ್ನು. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲಿ ಧ್ವನಿ ತಂತ್ರಜ್ಞ ರೂಡಿ ವ್ಯಾನ್ ಗೆಲ್ಡರ್ ಅವರ ಗುರುತು ಕಾಣುತ್ತದೆ. ಪಕ್ಕದಲ್ಲಿ ಕಿವಿಯಾಕಾರದ ಚಿಹ್ನೆಯೂ ಇದ್ದರೆ ಅದು ಪ್ಲಾಸ್ಟಿಲೈಟ್ ಕಾರ್ಖಾನೆಯಲ್ಲಿ ಅಚ್ಚಾದ, ಅಂದರೆ ಬ್ಲೂ ನೋಟ್ ಲಿಬರ್ಟಿ ಕಂಪನಿಯ ಪಾಲಾಗುವ ಮೊದಲಿನ ಪ್ರತಿ ಎಂದು ತಿಳಿಯುತ್ತದೆ. ಹಿಪ್ ಹಾಪ್ ಸಂಗೀತಗಾರರ ಹುಡುಕಾಟ ಬೇರೆ ಬಗೆಯದು, ಅವರಿಗೆ ಬೇಕಾದದ್ದು ಲಯ. ಲಾನಿ ಸ್ಮಿತ್ 1970ರಲ್ಲಿ ನುಡಿಸಿದ 'ಸ್ಪಿನ್ನಿಂಗ್ ವೀಲ್'ನ ಡ್ರಮ್ ಲಯವನ್ನು ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡ 1990ರ 'ಕ್ಯಾನ್ ಐ ಕಿಕ್ ಇಟ್?' ಹಾಡಿಗೆ ಬಳಸಿಕೊಂಡಿತು. ಲಾನಿ ಸ್ಮಿತ್ 1970ರಲ್ಲೇ ಡೆಟ್ರಾಯಿಟ್‌ನ ಕ್ಲಬ್ ಮೊಝಾಂಬಿಕ್‌ನಲ್ಲಿ ನೀಡಿದ್ದ ಕಛೇರಿ 1995ರಲ್ಲಿ ಬಿಡುಗಡೆಯಾಯಿತು.

ಚರಿತ್ರೆಯ ತಿಳಿವಳಿಕೆಯನ್ನೇ ತಿದ್ದಿದ ಶೋಧವೆಂದರೆ ಲ್ಯಾರಿ ಯಂಗ್ ಅವರ ಪ್ಯಾರಿಸ್ ಟೇಪುಗಳು. ನೂಆರ್ಕ್‌ನ ಈ ವಾದಕರು 1965ರ ನವೆಂಬರ್ 10ರಂದು ವುಡಿ ಶಾ, ಜೋ ಹೆಂಡರ್ಸನ್, ಎಲ್ವಿನ್ ಜೋನ್ಸ್ ಜೊತೆ ನುಡಿಸಿದ 'ಯೂನಿಟಿ' ಆರ್ಗನ್ ವಾದನವನ್ನು ಬ್ಲೂಸ್‌ನ ಚೌಕಟ್ಟಿನಾಚೆ ಒಯ್ದ ಆಲ್ಬಮ್. ಅದರ ಒಂದು ಹಾಡಿನಲ್ಲಿ ಇರುವುದು ಆರ್ಗನ್, ಡ್ರಮ್ ಎರಡೇ. ಅದಕ್ಕೆ ಮೊದಲು ಯಂಗ್, ಶಾ ಇಬ್ಬರೂ ಪ್ಯಾರಿಸ್‌ನಲ್ಲಿದ್ದು ಫ್ರಾನ್ಸಿನ ರೇಡಿಯೊಗೆ ನುಡಿಸಿದ್ದರು. ಆ ಟೇಪುಗಳನ್ನು ರೆಸೊನನ್ಸ್ ಕಂಪನಿ 2016ರಲ್ಲಿ ಹೊರತಂದಿತು. 'ಯೂನಿಟಿ'ಯ ಮೊದಲ ಹಾಡು 'ಝೋಲ್ಟಾನ್' ಅಲ್ಲಿ ಆಗಲೇ ಕೇಳಿಸುತ್ತದೆ. ಒಂದೇ ದಿನದಲ್ಲಿ ಮೂಡಿದಂತೆ ಕಂಡ ಆಲ್ಬಮ್‌ಗೆ ಪ್ಯಾರಿಸ್‌ನಲ್ಲೇ ಸಿದ್ಧತೆ ನಡೆದಿತ್ತು ಎಂಬುದಕ್ಕೆ ಇದು ಸಾಕ್ಷಿ. 1978ರಲ್ಲಿ, 37ರ ವಯಸ್ಸಿಗೇ ತೀರಿಕೊಂಡ ಕಲಾವಿದರ ಆ ತಿಂಗಳುಗಳ ಕೆಲಸ ಕೇಳಲು ಸಿಕ್ಕಿದ್ದು ದೊಡ್ಡ ಸಂಗತಿ.

ಫಿಲಡೆಲ್ಫಿಯದ ಆರ್ಗನ್ ವಾದಕಿ ಶರ್ಲಿ ಸ್ಕಾಟ್ 1972ರಲ್ಲಿ ಬಾಲ್ಟಿಮೋರ್‌ನ ಫೇಮಸ್ ಬಾಲ್‌ರೂಮ್‌ನಲ್ಲಿ ಸ್ಯಾಕ್ಸೊಫೋನ್ ವಾದಕ ಜಾರ್ಜ್ ಕೋಲ್ಮನ್, ಡ್ರಮ್ ವಾದಕ ಬಾಬಿ ಡರಮ್ ಜೊತೆ ನೀಡಿದ ಕಛೇರಿಯ ಟೇಪು 'ಕ್ವೀನ್ ಟಾಕ್' ಎಂಬ ಹೆಸರಿನಲ್ಲಿ ಬಿಡುಗಡೆಯಾದದ್ದು 2023ರಲ್ಲಿ. ಸ್ಟುಡಿಯೊ ಎಲ್‌ಪಿಗಳಲ್ಲಿ ಅಳತೆ ಮೀರದೆ ನುಡಿಸುವ ಸ್ಕಾಟ್ ಇಲ್ಲಿ ಹಾಡುಗಳನ್ನು ಹತ್ತು ನಿಮಿಷ ದಾಟಿಸಿ ಬೆಳೆಸುತ್ತಾರೆ.