ಕಲಾಯಿ ಹಿಡಿದಿದೆಯೇ? ನೋಡುವವರು ಯಾರು?

ನ್ಯಾಮತಿಯ ನಮ್ಮ ಅಜ್ಜಿಯ ಬೀದಿಗೆ ವರ್ಷಕ್ಕೆ ಒಂದೆರಡು ಸಲ ಕಲಾಯಿಯವರು ಬರುತ್ತಿದ್ದರು. ಬೇವಿನ ಮರದ ಕೆಳಗೆ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತಿ ಬೆಂಕಿ ಎಬ್ಬಿಸುತ್ತಿದ್ದರು. ಕಾದ ಹಿತ್ತಾಳೆ ಪಾತ್ರೆಗೆ ನವಸಾಗರ ಉದುರಿಸಿ, ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಒರೆಸಿದರೆ ಒಳಮೈ ಬೆಳ್ಳಿಯಂತೆ ಬೆಳಗುತ್ತಿತ್ತು.

ಅಜ್ಜಿ ತಕ್ಷಣ ದುಡ್ಡು ಕೊಡುತ್ತಿರಲಿಲ್ಲ. ಪಾತ್ರೆಯೊಳಗೆ ಹುಣಸೆ ರಸ ಸವರಿ ಸ್ವಲ್ಪ ಹೊತ್ತು ಬಿಡುತ್ತಿದ್ದಳು. ತವರ ಕೂರದ ಜಾಗವಿದ್ದರೆ ಹಿತ್ತಾಳೆ ಹಳದಿಯಾಗಿ ಎದ್ದು ಕಾಣುತ್ತಿತ್ತು. "ನೋಡಪ್ಪಾ, ಇಲ್ಲಿ ಹಿಡಿದೇ ಇಲ್ಲ" ಎಂದರೆ ಆತ ಮಾತಾಡದೆ ಮತ್ತೆ ಬೆಂಕಿಗಿಡುತ್ತಿದ್ದ. ಹುಳಿ ಸಾರು ಕಿಲುಬು ಹಿಡಿಯಬಾರದು ಎಂಬುದಷ್ಟೇ ಅವಳ ಚಿಂತೆ. ಆದರೆ ಅವಳು ಮಾಡುತ್ತಿದ್ದದ್ದು ಲೋಹದ ಲೇಪನದ ಪರೀಕ್ಷೆ.

ಸರ್ಕಾರಕ್ಕೂ ಇದೇ ಚಿಂತೆ ಇತ್ತು. 1955ರ ಆಹಾರ ಕಲಬೆರಕೆ ತಡೆ ನಿಯಮಗಳ ಪ್ರಕಾರ, ಸರಿಯಾಗಿ ಕಲಾಯಿ ಮಾಡದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಮಾಡಿದ ಅಡುಗೆ ತಿನ್ನಲು ಯೋಗ್ಯವಾಗಿರಲಿಲ್ಲ. ಆದರೆ 'ಸರಿಯಾಗಿ' ಎಂದರೆ ಎಷ್ಟು? ಬೀದಿಯಲ್ಲಿ ಅದನ್ನು ತೀರ್ಮಾನಿಸುತ್ತಿದ್ದದ್ದು ಅಜ್ಜಿಯಂಥವರ ಕಣ್ಣು. ಆ ಕಣ್ಣಿಗೂ ಮಿತಿಯಿತ್ತು. ತವರಕ್ಕೆ ಸೀಸ ಬೆರೆಸಿದ್ದರೆ ಹುಣಸೆ ರಸ ಅದನ್ನು ಹೇಳುತ್ತಿರಲಿಲ್ಲ.

ಸ್ಟೀಲ್ ಪಾತ್ರೆ ಬಂದ ಮೇಲೆ ಕಲಾಯಿಯವರು ಅಪರೂಪವಾದರು. ಆದರೆ ಲೇಪನ ನಮ್ಮ ಬದುಕಿನಿಂದ ಹೋಗಲಿಲ್ಲ. ಅಡುಗೆಮನೆಯಿಂದ ಸೂರಿಗೆ, ತೋಟಕ್ಕೆ, ಕೊಳವೆಬಾವಿಗೆ ಹೋಯಿತು. ತವರದ ಬದಲು ಸತು, ಹಿತ್ತಾಳೆಯ ಬದಲು ಕಬ್ಬಿಣ.

ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ 1837ರಲ್ಲಿ ಫ್ರಾನ್ಸಿನ ಸೊರೆಲ್ ಪೇಟೆಂಟ್ ಪಡೆದ. ಅಲ್ಲೂ ಲೋಹವನ್ನು ಶುಚಿ ಮಾಡುತ್ತಿದ್ದದ್ದು ನವಸಾಗರವೇ. ಮುಂದೆ ಟೆಲಿಗ್ರಾಫ್ ತಂತಿಗಳಿಗೆಲ್ಲ ಸತುವಿನ ಲೇಪನ ಬಂತು. ತಂತಿಯ ಮೇಲೆ ಸತು ಎಲ್ಲಿ ತೆಳುವಾಗಿದೆ ಎಂದು ತಿಳಿಯಲು ಬಳಕೆಗೆ ಬಂದ ಪರೀಕ್ಷೆಗೆ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ವಿಲಿಯಂ ಪ್ರೀಸ್ ಅವರ ಹೆಸರಿದೆ.

ಆ ಪರೀಕ್ಷೆಗೆ ಬೇಕಾದ ವಸ್ತು ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತು: ಮೈಲುತುತ್ತ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಹೇಳಿಕೊಟ್ಟ ಬೋರ್ಡೋ ಮಿಶ್ರಣದಲ್ಲಿರುವುದು ಇದೇ. ಸತು ಹಚ್ಚಿದ ತುಂಡನ್ನು ಮೈಲುತುತ್ತದ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ, ತೊಳೆದು, ಒರೆಸಬೇಕು. ಸತು ಇರುವ ತನಕ ಕಪ್ಪು ಪುಡಿ ಕೂತು ಒರೆಸಿದರೆ ಹೋಗುತ್ತದೆ. ಸತು ಮುಗಿದು ಕಬ್ಬಿಣ ಬಯಲಾದಲ್ಲಿ ಕೆಂಪು ತಾಮ್ರ ಅಂಟಿಕೊಳ್ಳುತ್ತದೆ, ಒರೆಸಿದರೂ ಹೋಗುವುದಿಲ್ಲ. ಎಷ್ಟನೇ ಅದ್ದಿಗೆ ಕೆಂಪಾಯಿತು ಎಂಬುದೇ ಲೆಕ್ಕ. ಅಜ್ಜಿಯ ಹುಣಸೆ ರಸದ ವಿದ್ಯೆಯೇ, ಎಣಿಕೆ ಸೇರಿತು ಅಷ್ಟೆ. ಪರೀಕ್ಷಿಸಿದ ತುಂಡು ಮಾತ್ರ ಮತ್ತೆ ಕೆಲಸಕ್ಕೆ ಬಾರದು.

ತುಂಡು ಹಾಳಾಗದಂತೆ ಅಳೆಯುವ ದಾರಿಯನ್ನು 1930ರ ದಶಕದಲ್ಲಿ ಅಮೆರಿಕದ ಅಬ್ನರ್ ಬ್ರೆನ್ನರ್ ತೋರಿಸಿದರು. ಅಯಸ್ಕಾಂತ ಕಬ್ಬಿಣವನ್ನು ಎಳೆಯುತ್ತದೆ, ನಡುವಿನ ಸತುವನ್ನು ಎಳೆಯುವುದಿಲ್ಲ. ಲೇಪನ ದಪ್ಪವಾದಷ್ಟೂ ಎಳೆತ ಕಡಿಮೆ. ಇವತ್ತು ಅಂಗೈಯಲ್ಲಿ ಹಿಡಿಯುವ ಯಂತ್ರಗಳು ಕ್ಷಣದಲ್ಲಿ ದಪ್ಪವನ್ನು ಮೈಕ್ರಾನಿನಲ್ಲಿ ಹೇಳುತ್ತವೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು.

ಅಳತೆ ಸೂಕ್ಷ್ಮವಾಯಿತು, ಆದರೆ ಕೊಳ್ಳುವವರ ಕೈಯಿಂದ ಜಾರಿತು. ಹೊನ್ನಾಳಿಯ ಅಂಗಡಿಯಲ್ಲಿ ತಗಡು ಕೊಳ್ಳುವಾಗ ಗೇಜ್ ಕೇಳುತ್ತೇವೆ, ಸತು ಕೇಳುವುದಿಲ್ಲ. 120 ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ತಗಡಿನ ಎರಡೂ ಬದಿಗೆ ಸೇರಿ 120 ಗ್ರಾಂ ಸತು. ಒಂದು ಬದಿಗೆ 60 ಗ್ರಾಂ, ಅಂದರೆ ಸುಮಾರು 8 ಮೈಕ್ರಾನ್ ಮಾತ್ರ. 275 ಜಿಎಸ್‌ಎಂ ಆದರೆ ಸುಮಾರು 19. ಎರಡೂ ಅಂಗಡಿಯಲ್ಲಿ ಒಂದೇ ರೀತಿ ಹೊಳೆಯುತ್ತವೆ.

ಜಗಳೂರಿನಂಥ ಬರದ ಸೀಮೆಯಲ್ಲಿ ಕೊಳವೆಬಾವಿಗೆ ಜಿಐ ಪೈಪ್ ಇಳಿಸುವುದೇ ದೊಡ್ಡ ಸಾಲ. ಪೈಪಿನ ಮೇಲಿನ ಹಳದಿ, ನೀಲಿ, ಕೆಂಪು ಪಟ್ಟಿ ಹೇಳುವುದು ಪೈಪಿನ ಗೋಡೆಯ ದಪ್ಪವನ್ನು, ಸತುವಿನ ದಪ್ಪವನ್ನಲ್ಲ. ಮರೆ ಕೊರೆದ ತುದಿಯಲ್ಲಿ ಸತು ಕಿತ್ತುಹೋಗಿರುತ್ತದೆ. ತುಕ್ಕು ಶುರುವಾಗುವುದು ಹೆಚ್ಚಾಗಿ ಅಲ್ಲೇ. ಮೇಲೆತ್ತಿದ ಪೈಪಿನ ತುದಿ ಕೈಯಲ್ಲೇ ಉದುರಿದಾಗ ರೈತ ನೀರನ್ನು ಬೈಯುತ್ತಾನೆ. ತಪ್ಪು ನೀರಿನದೋ ಲೇಪನದ್ದೋ ಎಂದು ಆಗ ಹೇಳುವುದು ಕಷ್ಟ.

ಯಂತ್ರ ನಮ್ಮ ಹತ್ತಿರ ಇಲ್ಲ, ನಿಜ. ಪ್ರಶ್ನೆ ಇದೆ. ತಗಡಿಗೆ ಎಷ್ಟು ಜಿಎಸ್‌ಎಂ, ಪೈಪಿಗೆ ಎಷ್ಟು ಸತು ಎಂದು ಕೇಳಿ, ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬಹುದು. ಅಜ್ಜಿಗೂ ಮೈಕ್ರಾನ್ ಗೊತ್ತಿರಲಿಲ್ಲ. ಆದರೆ ನೋಡದೆ ದುಡ್ಡು ಕೊಟ್ಟವಳಲ್ಲ.